ಹೊನ್ನೆಮರದ ಮೂಲೆಯ ಬೆಲೆ

ಜಾಗ ನೋಡಲು ಮೊದಲ ಮಳೆ ಬಿದ್ದ ಮೇಲೆ ಹೋಗಬೇಡಿ. ಆಗ ವಯನಾಡಿನಲ್ಲಿ ಬಂಡೆಕಲ್ಲೂ ಹಸಿರಾಗಿ ಕಾಣುತ್ತದೆ. ಬೇಸಿಗೆಯಲ್ಲಿ, ನೆತ್ತಿ ಸುಡುವ ಹೊತ್ತಿಗೆ ಹೋಗಿ. ಬಾವಿಯ ವಿಷಯ ಮಾರುವವನನ್ನು ಕೇಳಬೇಡಿ. ಪಕ್ಕದ ಮನೆಯ ಹೆಂಗಸನ್ನು ಕೇಳಿ. ಎಷ್ಟು ದೂರದಿಂದ ನೀರು ಹೊರುತ್ತೇನೆ ಎಂದು ಅವಳು ಹೇಳುವಾಗ ಯಾರಿಗಾಗಿಯೂ ಸುಳ್ಳು ಸೇರಿಸುವುದಿಲ್ಲ. ಮಾರುವವನ ಮನೆಯಲ್ಲಿ ಚಹಾ ಕುಡಿಯಿರಿ, ಊಟಕ್ಕೆ ಮಾತ್ರ ಕೂರಬೇಡಿ. ಉಂಡ ಮನೆಯಲ್ಲಿ ಬೆಲೆ ಇಳಿಸಲು ಬಾಯಿ ಬರುವುದಿಲ್ಲ.

ಜಾಗದ ದಲ್ಲಾಳಿ ಕೆಲಸಕ್ಕೆ ಈಗ ಇಳಿಯುತ್ತಿರುವ ಹುಡುಗರು ನನ್ನ ಹತ್ತಿರ ಬಂದಾಗಲೆಲ್ಲ ಇಷ್ಟನ್ನು ಹೇಳುತ್ತೇನೆ. ಅವರು ತಲೆಯಾಡಿಸುತ್ತಾರೆ, ಒಂದು ಕಣ್ಣು ಮೊಬೈಲಿನ ಮೇಲೆಯೇ ಇರುತ್ತದೆ. ಅವರಿಗೆ ಕೂತಲ್ಲಿಯೇ ಗುಡ್ಡ ಕಾಣುತ್ತದೆ, ಹಳ್ಳತೋಡು ಕಾಣುತ್ತದೆ, ಗಡಿ ಗೆರೆ ಕೂಡ ಕಾಣುತ್ತದೆ. ನಮ್ಮ ಕಾಲದಲ್ಲಿ ಗಡಿಯನ್ನು ಕಾಲಿನಿಂದಲೇ ಕಾಣಬೇಕಿತ್ತು. ‘ಅತಿರು ನಡೆಯುವುದು’ ಎನ್ನುತ್ತಿದ್ದೆವು. ಅತಿರು ಎಂದರೆ ಇಲ್ಲಿಯ ಮಲಯಾಳದಲ್ಲಿ ಗಡಿ. ಕೊಡುವವನು, ಕೊಳ್ಳುವವನು, ಅಕ್ಕಪಕ್ಕದವರು, ನಡುವೆ ನಾನು. ಹಗ್ಗದ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ತುದಿ ಆ ನೆಲದಲ್ಲಿ ದುಡಿಯುವ ಆಳಿನ ಕೈಯಲ್ಲಿ. ಸುತ್ತು ಮುಗಿಯುವವರೆಗೆ ಬೆಲೆಯ ಮಾತು ಎತ್ತಬಾರದೆಂಬುದು ನಮ್ಮ ನಿಯಮ.

ನಾನು ಹುಟ್ಟಿದ್ದು ಗುಂಡ್ಲುಪೇಟೆ ಕಡೆಯ ಬಡ ಕ್ರೈಸ್ತ ಕುಟುಂಬದಲ್ಲಿ. ತರಕಾರಿ ಲಾರಿಯ ಮೇಲೆ ಕೂತು ಮುತ್ತಂಗದ ಕಾಡು ದಾಟಿ ವಯನಾಡಿಗೆ ಬಂದವನು. ಪನಮರಂ ಸಂತೆಯಲ್ಲಿ ಮೂಟೆ ಹೊತ್ತೆ. ಮಲಯಾಳವನ್ನು ಶಾಲೆಯಲ್ಲಿ ಕಲಿಯಲಿಲ್ಲ, ಚೌಕಾಸಿ ಮಾಡುತ್ತಾ ಕಲಿತೆ. ಅದಕ್ಕೇ ಈಗಲೂ ನನ್ನ ಮಲಯಾಳದಲ್ಲಿ ‘ಇಲ್ಲ’ ಎಂಬುದಕ್ಕೆ ಹತ್ತಾರು ಬಗೆಗಳಿವೆ, ‘ಆಗಲಿ’ ಎಂಬುದಕ್ಕೆ ಒಂದೇ. ಮೆಣಸು ಮಾರಲು ಬಂದ ಪ್ಲಾಂಟರುಗಳು ಚಹಾ ಅಂಗಡಿಯಲ್ಲಿ ಕೂತು ಜಾಗದ ವಿಷಯ ಮಾತಾಡುತ್ತಿದ್ದರು. ಯಾರಿಗೆ ಮಾರಬೇಕಾಗಿದೆ, ಯಾರಿಗೆ ಬೇಕಾಗಿದೆ ಎಂದು ಕಿವಿಗೊಟ್ಟು ಕೇಳಿಸಿಕೊಂಡೆ. ಮೂಟೆ ಹೊರುವವನ ಎದುರು ಯಾರೂ ದನಿ ತಗ್ಗಿಸುವುದಿಲ್ಲ. ಹೀಗೆ ಇನ್ನಾಸಪ್ಪ ಎಂಬ ಕೂಲಿ ಇನ್ನಾಸಿ ಎಂಬ ಬ್ರೋಕರ್ ಆದ. ನಾನು ಮಾಡಿಸಿದ ದೊಡ್ಡ ವ್ಯಾಪಾರಗಳ ಕಥೆ ನನ್ನ ಮಕ್ಕಳು ಹೇಳುತ್ತಾರೆ, ಕೇಳಿಕೊಳ್ಳಿ. ನಾನು ಬರೆಯಬೇಕೆಂದಿರುವುದು ಒಂದು ಮೂಲೆಯ ಕಥೆ. ಒಂದು ಹೊನ್ನೆಮರ, ಅದರ ನೆರಳು ಬೀಳುವಷ್ಟು ನೆಲ. ನಾನು ಬಿಟ್ಟಿಯಾಗಿ ಕೊಡಿಸಿದ ಒಂದೇ ಜಾಗ ಅದು.

ಅವು ಭಯದ ವರ್ಷಗಳು. ಗೋಡೆಗಳ ಮೇಲೆ ಕೆಂಪು ಅಕ್ಷರ. ಜಮೀನುದಾರರ ಮನೆಗೆ ನಕ್ಸಲರು ನುಗ್ಗಿದ ಸುದ್ದಿ ಒಂದು ಕಡೆ, ಕಾಡಿನ ಜನರ ಹಾಡಿಗಳಿಗೆ ಪೊಲೀಸರು ನುಗ್ಗಿದ ಸುದ್ದಿ ಇನ್ನೊಂದು ಕಡೆ. ಮಾನಂತವಾಡಿಯಿಂದ ತಿರುನೆಲ್ಲಿಗೆ ಹೋಗುವ ಬಸ್ಸನ್ನು ನಿಲ್ಲಿಸಿ ಎಲ್ಲರ ಚೀಲ ಬಿಚ್ಚಿಸುತ್ತಿದ್ದರು. ಭೂಮಿಗೆ ಮಿತಿ ಬರುತ್ತದೆ, ಉಳುವವನಿಗೇ ಹೋಗುತ್ತದೆ ಎಂಬ ಮಾತು ಬೇರೆ. ಅಂಥ ಕಾಲದಲ್ಲಿ ಮಣ್ಣಿನ ಗುಣ ನೋಡಿ ಬೆಲೆ ಕಟ್ಟುವವರಿಲ್ಲ. ಮಾರುವವನಿಗೆ ನಿದ್ರೆ ಬರುತ್ತದೋ ಇಲ್ಲವೋ ಎಂಬುದರ ಮೇಲೆ ಬೆಲೆ. ನನಗೆ ಬಿಡುವಿಲ್ಲದ ಕೆಲಸ.

ಒಮ್ಮೆ ತಿರುನೆಲ್ಲಿ ಕಡೆಯ ಕಾಲುದಾರಿಯಲ್ಲಿ ಒಬ್ಬ ಯುವಕ ಎದುರಾದ. ಕನ್ನಡಕ, ಬೆವರು ಒಣಗಿದ ಅಂಗಿ. ನನ್ನ ಹೆಗಲಿನ ಹಗ್ಗ ನೋಡಿ ನಿಂತ.

“ಯಾರ ಭೂಮಿ ಮಾರೋಕೆ ಹೊರಟಿದ್ದೀರಿ?”

“ನಾನು ಮಾರೋನಲ್ಲ ಸಖಾವೇ” ಎಂದೆ; ಸಖಾವ್ ಎಂದರೆ ಇಲ್ಲಿ ಕಾಮ್ರೇಡ್. “ಕೊಡೋನಿಗೂ ಕೊಳ್ಳೋನಿಗೂ ನಡುವೆ ನಡೆಯೋನು.”

“ಹಾಗಾದ್ರೆ ಅದರಲ್ಲಿ ದುಡಿಯೋನು ಎಲ್ಲಿ?”

“ಹಗ್ಗದ ಇನ್ನೊಂದು ತುದಿ ಹಿಡ್ಕೊಂಡಿರ್ತಾನಲ್ಲ!”

ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ, “ಹಗ್ಗ ಹಿಡಿದೋನ ಕೈಯೂ ನೋಯುತ್ತೆ, ನೆನಪಿರಲಿ” ಎಂದು ಹೇಳಿ ಕಾಡಿನೊಳಗೆ ಇಳಿದುಹೋದ. ನಾನು ಬದುಕಿದೆ ಎಂದುಕೊಂಡು ಓಟ ಕಿತ್ತೆ.

ಇದನ್ನು ತಮಾಷೆಯೆಂದು ಹೇಳಿದ್ದು ಉಪದೇಶಿ ದೇವಸಹಾಯ ಅವರಿಗೆ. ನಮ್ಮಂತೆ ಕೊಳ್ಳೇಗಾಲ, ಗುಂಡ್ಲುಪೇಟೆ ಕಡೆಯಿಂದ ಕಾಫಿ ಎಸ್ಟೇಟಿಗೆ ಬಂದ ಕನ್ನಡದ ಕೂಲಿ ಕ್ರೈಸ್ತರಿಗೆ ಒಂದು ತಗಡಿನ ಪ್ರಾರ್ಥನಾಲಯ ಇತ್ತು. ಪೂಜೆಗೆ ಅಚ್ಚನ್, ಅಂದರೆ ಪಾದ್ರಿಗಳು, ಅಪರೂಪಕ್ಕೆ ಬರುತ್ತಿದ್ದರು. ಉಳಿದ ದಿನಗಳಲ್ಲಿ ಜಪ ಹೇಳಿಸುವುದು, ಮಕ್ಕಳಿಗೆ ಪಾಠ, ಕಾಯಿಲೆಯವರ ಹತ್ತಿರ ಕೂರುವುದು, ಸತ್ತವರನ್ನು ಮಣ್ಣುಮಾಡುವುದು ಎಲ್ಲ ಉಪದೇಶಿಯದೇ. ನನಗೆ ಅವರು ದೂರದ ಸಂಬಂಧದಲ್ಲಿ ಮಾವ. ಬಡಕಲು ಮೈ, ದೊಡ್ಡ ಗಂಟಲು. ಹಾಡಿದರೆ ಪಾಡಿಯ ಕೊನೆಯ ಮನೆಯವರೆಗೆ ಕೇಳುತ್ತಿತ್ತು; ಪಾಡಿ ಎಂದರೆ ಎಸ್ಟೇಟಿನ ಕೂಲಿ ಲೈನು.

ನನ್ನ ತಮಾಷೆಗೆ ಮಾವ ನಗಲಿಲ್ಲ. “ಆ ಹುಡುಗ ಕೇಳಿದ ಪ್ರಶ್ನೆ ನನ್ನ ಭಾನುವಾರದ ಪ್ರಸಂಗದಲ್ಲಿ ಬರಬೇಕಾಗಿತ್ತು ಕಣೋ. ಅವನ ಕೈಯಲ್ಲಿ ಕತ್ತಿ ಇರೋದು ನಂಗೆ ಬೇಡ. ಆದ್ರೆ ಪ್ರಶ್ನೆ ನಮ್ಮದು. ನಾವು ಬಿಟ್ಟಿದ್ದಕ್ಕೆ ಅವನು ಎತ್ಕೊಂಡ” ಎಂದರು.

ನಿತ್ಯಜೀವದ ಬಗ್ಗೆ ಅವರಷ್ಟು ಮಾತಾಡಿದವರನ್ನು ನಾನು ಕಂಡಿಲ್ಲ. ಅವರ ಹಾಗೆ ಸೋರುವ ಮಾಡು ರಿಪೇರಿ ಮಾಡುವವರನ್ನೂ ಕಂಡಿಲ್ಲ. ಅವರ ಸ್ವಂತ ಮನೆಯಲ್ಲ, ಎಸ್ಟೇಟಿನ ಮನೆ. ಒಂದು ದಿನ ಕೇಳಿದೆ, “ಅಲ್ಲ ಮಾವ, ಭಾನುವಾರ ಪೂರ್ತಿ ಇಲ್ಲಿಂದ ಹೋಗೋ ಮಾತು, ಸೋಮವಾರ ಪೂರ್ತಿ ಹೆಂಚು ಜೋಡಿಸೋದು. ಹೋಗೋ ಮನುಷ್ಯನಿಗೆ ಯಾಕಿದು?”

“ಹೋಗೋನು ಅಂತ ಸೋರೋಕೆ ಬಿಟ್ಟು ಹೋಗ್ತಾರೇನೋ? ಹಿಂದೆ ಬರೋರು ಎಲ್ಲಿ ಮಲಗ್ತಾರೆ?” ಎಂದರು ಏಣಿಯ ಮೇಲಿಂದಲೇ. “ಆ ಮೊಳೆ ಕೊಡು. ನಿಂತ್ಕೊಂಡು ವೇದಾಂತ ಕೇಳ್ತಾನೆ.”

ಮೊಳೆ ಕೊಟ್ಟೆ. ಮಾತು ತಲೆಗೆ ಹೋಗಲಿಲ್ಲ.

ಎಸ್ಟೇಟಿನ ಒಂದು ಓರೆಯಲ್ಲಿ ಕೂಲಿಗಳನ್ನು ಹೂಳಲು ಹಳೆಯ ದೊರೆ ಬಿಟ್ಟಿದ್ದ. ಎಸ್ಟೇಟು ಕೈ ಬದಲಾಯಿತು. ಹೊಸ ಮ್ಯಾನೇಜರು ಅಲ್ಲಿ ನರ್ಸರಿ ಮಾಡಿಸಿ, ಸತ್ತವರನ್ನು ಪೇಟೆಗೆ ಒಯ್ಯಿರಿ ಎಂದ. ಪೇಟೆಯ ಚರ್ಚಿನ ಸಮಾಧಿಯಲ್ಲಿ ಕುಟುಂಬದ ಗೋರಿ ಕೊಂಡವರಿಗೆ ಶಾಶ್ವತ ಜಾಗ. ಉಳಿದವರನ್ನು ಸಾಮಾನ್ಯ ಸಾಲಿನಲ್ಲಿ ಹೂಳುತ್ತಾರೆ. ಕೆಲವು ವರ್ಷ ಕಳೆದ ಮೇಲೆ ಎಲುಬು ತೆಗೆದು ಅಸ್ಥಿಕುಳಿ ಎಂಬ ಬಾವಿಗೆ ಹಾಕಿ, ಆ ಗುಂಡಿಯಲ್ಲಿ ಇನ್ನೊಬ್ಬರನ್ನು ಮಲಗಿಸುತ್ತಾರೆ. ಈ ಕಡೆಯ ಕ್ರಮವೇ ಹಾಗೆ, ತಪ್ಪೇನಿಲ್ಲ. ಆದರೆ ನಮ್ಮ ಜನಕ್ಕೆ ಅದು ಒಗ್ಗಲಿಲ್ಲ. ಊರು ಬಿಟ್ಟು ಬಂದವರು ಸತ್ತ ಮೇಲೂ ಖಾಲಿ ಮಾಡಬೇಕೇ ಎಂದು ಹೆಂಗಸರು ಅತ್ತರು.

ಆಗ ಮಾವನ ಕಣ್ಣು ಬಿದ್ದದ್ದು ಹೊನ್ನೆಮರದ ಮೂಲೆಯ ಮೇಲೆ. ಎಸ್ಟೇಟಿಗೆ ತಗುಲಿದ ಆ ಗುಡ್ಡ ಪದ್ಮಯ್ಯ ಗೌಡರದು. ಎಷ್ಟೋ ತಲೆಮಾರಿನ ಹಿಂದೆ ಕರ್ನಾಟಕದಿಂದ ಬಂದು ನೆಲೆಸಿದ ಜೈನ ಮನೆತನ. ಮನೆಮಾತು ಹಳೆಯ ಕಾಲದ ಕನ್ನಡ. ಗುಡ್ಡದ ಕೆಳಗೆ ಒಂದು ಹಾಡಿ, ಅಲ್ಲಿ ಎಲ್ಲರೂ ಮಾತು ಕೇಳುವ ಹೆಂಗಸು ಕಾಳಿ. ನಮ್ಮ ಕಡೆಯ ಜೇನುಕುರುಬರ ನಂಟರಂಥ ಕಾಡಿನ ಜನ. ಅವರ ನುಡಿ ನಮ್ಮ ಕನ್ನಡಕ್ಕೆ ಹತ್ತಿರ. ಗೌಡರ ಅಜ್ಜನ ಕಾಲಕ್ಕಿಂತ ಹಿಂದಿನಿಂದ ಅವರು ತಮ್ಮ ಸತ್ತವರನ್ನು ಆ ಮರದ ಬುಡದಲ್ಲಿ ಮಲಗಿಸುತ್ತಿದ್ದರು. ಮಾರುವ ಯೋಚನೆಯಿಂದ ಗೌಡರು ಒಮ್ಮೆ ಗುಡ್ಡವನ್ನು ಅಳೆಸಿದಾಗ ನನ್ನ ಹಗ್ಗದ ಇನ್ನೊಂದು ತುದಿ ಹಿಡಿದವನು ಕಾಳಿಯ ಗಂಡ ಬೊಮ್ಮ. ಆ ಮೂಲೆಗೆ ಬಂದಾಗ ಅವನು ಹಗ್ಗವನ್ನು ನೆಟ್ಟಗೆ ಎಳೆಯಲಿಲ್ಲ, ಮರವನ್ನು ಬಳಸಿಕೊಂಡು ಹೋದ. “ಏ, ಅಳತೆ ಸೊಟ್ಟ ಆಯ್ತದೆ!” ಎಂದು ಕೂಗಿದೆ. “ಆಗ್ಲಿ, ತುಳಿಯಾಕಿಲ್ಲ” ಎಂದ. ಗೌಡರೂ, “ಅಲ್ಲಿ ಅವರವರು ಮಲಗಿದ್ದಾರಪ್ಪ, ಸುತ್ತಿಕೊಂಡೇ ಬಾ” ಎಂದರು.

ಮಾವ ಮೊದಲು ಗೌಡರ ಹತ್ತಿರ ಹೋಗಲಿಲ್ಲ, ಕಾಳಿಯ ಹತ್ತಿರ ಹೋದರು. ನಾನು ಜೊತೆಯಲ್ಲಿದ್ದೆ. ನಮ್ಮವರನ್ನೂ ಅಲ್ಲಿ ಮಲಗಿಸಬಹುದೇ ಎಂದು ಕೇಳಿದರು. ಕಾಳಿ ಬುಟ್ಟಿ ಹೆಣೆಯುತ್ತಿದ್ದಳು, ತಲೆ ಎತ್ತಲಿಲ್ಲ.

“ನಿಮ್ಮೋರು ಹಾಡು ಹೇಳ್ತಾರಾ?”

“ಹೇಳ್ತಾರೆ ಕಾಳವ್ವ.”

“ಸತ್ ಮ್ಯಾಲೂವಾ?”

“ಆವಾಗ ಇನ್ನೂ ಜೋರಾಗಿ ಅಂತ ನಂಬಿದ್ದೀವಿ” ಎಂದರು ಮಾವ.

ಕಾಳಿ ನಕ್ಕಳು. “ಬರ್ಲಿ ಬುಡು. ನಮ್ಮೋರು ಮೊದಲಿಂದ್ಲೂ ಮಾತು ಕಮ್ಮಿ. ಕೇಳ್ಕೊಂಡು ಬಿದ್ದಿರ್ತಾರೆ.”

ಇನ್ನು ಗೌಡರು. ಅವರು ಆಗಲೇ ಗುಡ್ಡ ಮಾರಿ ಪೇಟೆ ಸೇರುವ ಯೋಚನೆಯಲ್ಲಿದ್ದರು. ಹೊಲಕ್ಕೆ ಹೋದವರು ಕತ್ತಲಾಗುವ ಮೊದಲೇ ಬಾಗಿಲು ಹಾಕಿಕೊಳ್ಳುತ್ತಿದ್ದ ಕಾಲ. ಪಾಡಿಯವರು ಕೂಡಿಸಿದ್ದನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಮಾವ ಜಗಲಿಯಲ್ಲಿ ಕೂತರು. ನಾನು ಪಕ್ಕದಲ್ಲಿ.

“ಆ ಮೂಲೆಯ ಬೆಲೆ ಹೇಳಿ ಗೌಡರೇ” ಎಂದರು.

ಗೌಡರು ಎರಡೂ ಕೈ ಎತ್ತಿದರು. “ಶಾಂತಂ ಪಾಪಂ! ಸತ್ತವರ ನೆಲಕ್ಕೆ ನಾನು ಹಣ ಎಣಿಸಿಕೊಳ್ಳುವುದೇ? ನಮ್ಮ ಮನೆತನದಲ್ಲಿ ಆಗದ ಮಾತು. ನಿಮಗೂ ನನಗೂ ನಡುವೆ ಅದೇನು ದೊಡ್ಡದು ಉಪದೇಶಿಗಳೇ? ನಿಮ್ಮದೆಂದೇ ತಿಳಿಯಿರಿ.”

“ಹಾಗಲ್ಲ. ಬೆಲೆ ಹೇಳಿ, ರಿಜಿಸ್ಟರ್ ಮಾಡಿಸಿಕೊಡಿ. ನಮ್ಮ ಹೆಸರಿಗೂ ಹಾಡಿಯವರ ಹೆಸರಿಗೂ.”

ನಾನು ಬೆಂಚಿನ ಕೆಳಗೆ ಮಾವನ ಕಾಲು ತುಳಿದೆ. ನನ್ನ ವೃತ್ತಿಯಲ್ಲಿ ಅಂಥ ಗಳಿಗೆ ಒಮ್ಮೆ ಬಂದರೆ ಹೆಚ್ಚು. ಮಾರುವವನು ತಾನಾಗಿಯೇ ಸೊನ್ನೆಗೆ ಇಳಿದಿದ್ದಾನೆ. ಈಗ ಬಾಯಿ ತೆರೆದವನು ಮೂರ್ಖ. “ಗೌಡರು ದೊಡ್ಡ ಮನುಷ್ಯರು. ಅವರ ಮಾತೇ ರಿಜಿಸ್ಟರು” ಎಂದು ಎದ್ದು ನಿಂತು ಕೈ ಮುಗಿದೆ. ಮಾವನನ್ನೂ ಎಬ್ಬಿಸಿದೆ.

ದಾರಿಯುದ್ದಕ್ಕೂ ಜಗಳ.

“ಯಾಕೆ ಎಬ್ಬಿಸಿದೆ?”

“ಬಿಟ್ಟಿ ಸಿಕ್ಕಿದ್ದನ್ನ ಯಾರಾದ್ರೂ ತಳ್ತಾರಾ ಮಾವ?”

ಆಗ ಅವರು ನಮ್ಮ ಕ್ರೈಸ್ತ ಶಾಸ್ತ್ರದ ಒಂದು ಕಥೆ ಹೇಳಿದರು. ಗುಡಾರದಲ್ಲಿ ಬದುಕಿದ ಒಬ್ಬ ಹಿರಿಯ ಅಲೆಮಾರಿಯದು. ದೇವರು ಅವನಿಗೆ ನಾಡಿಗೆ ನಾಡನ್ನೇ ಕೊಡುವೆನೆಂದು ಮಾತು ಕೊಟ್ಟಿದ್ದ. ಹೆಂಡತಿ ತೀರಿಕೊಂಡಾಗ ಹೂಳಲು ಒಂದು ಮೊಳ ನೆಲ ಇಲ್ಲ. ಊರವರ ಹತ್ತಿರ ಹೋಗಿ, ನಾನು ಪರದೇಶಿ, ಒಂದು ಜಾಗ ಕ್ರಯಕ್ಕೆ ಕೊಡಿ ಎಂದ. ಜಾಗದ ಯಜಮಾನ, ಬಿಟ್ಟಿಯಾಗಿಯೇ ತೆಗೆದುಕೋ, ನಿನಗೂ ನನಗೂ ನಡುವೆ ಅದೇನು ಎಂದ.

“ಗೌಡರ ಮಾತೇ!” ಎಂದೆ.

“ಗೌಡರ ಮಾತೇ. ಆ ಹಿರಿಯ ಒಪ್ಪಿದ್ನಾ? ಇಲ್ಲ. ಊರಬಾಗಿಲಲ್ಲಿ ಕೂತೋರೆಲ್ಲ ನೋಡ್ತಿದ್ದ ಹಾಗೇ ಪೂರ್ತಿ ಬೆಲೆ ತೂಗಿ ಕೊಟ್ಟ. ಒಂದು ಕಾಸೂ ಇಳಿಸಲಿಲ್ಲ.”

“ಅವನಿಗೆ ನನ್ನಂಥ ದಲ್ಲಾಳಿ ಸಿಗಲಿಲ್ಲ, ಅದಕ್ಕೇ.”

ಮಾವ ನಡೆಯುತ್ತಿದ್ದವರು ನಿಂತರು. “ಪರಲೋಕ ನಂಬಿದೋನು ಅವನು. ಆದ್ರೆ ಹಿಂದೆ ಬರೋರಿಗೆ ತಕರಾರು ಬಿಟ್ಟು ಹೋಗಲಿಲ್ಲ, ಅರ್ಥ ಆಯ್ತಾ? ಬಿಟ್ಟಿ ಕೊಟ್ಟದ್ದು ಕೊಟ್ಟೋನ ಕೈಯಲ್ಲೇ ಇರುತ್ತೆ ಇನ್ನಾಸಿ.”

“ನೀವೇ ಹೇಳ್ತೀರಲ್ಲ, ರಕ್ಷಣೆ ಬಿಟ್ಟಿ ಅಂತ?”

“ನಿಂಗೆ ಬಿಟ್ಟಿ. ಅದಕ್ಕೆ ಬೇರೊಬ್ಬ ಶಿಲುಬೆ ಮೇಲೆ ಪೂರ್ತಿ ಬೆಲೆ ಕೊಟ್ಟಿದ್ದಾನೆ, ಚೌಕಾಸಿ ಮಾಡದೆ.”

ವಾದದಲ್ಲಿ ಸೋತಾಗ ನಾವು ವ್ಯಾಪಾರಿಗಳು ಬೇರೆ ಲಾಭ ತೋರಿಸುತ್ತೇವೆ. ಪ್ರಾರ್ಥನಾಲಯದ ತಗಡು ತೂತಾಗಿದೆ, ಕೂಡಿಸಿದ್ದನ್ನು ಅದಕ್ಕೆ ಹಾಕಿ ಎಂದೆ. ಪಾಡಿಯವರೂ ಹೌದು ಹೌದು ಎಂದರು. ಎಲ್ಲರೂ ಒಂದು ಕಡೆಯಾದ ಮೇಲೆ ಮಾವ ಹಣದ ಗಂಟು ಬಿಚ್ಚಿದರು. ಹೊಸ ತಗಡು ಬಿಸಿಲಿಗೆ ದೂರದವರೆಗೆ ಹೊಳೆಯುತ್ತಿತ್ತು. ನಾನು ಅದನ್ನು ತೋರಿಸಿ ಬೀಗುತ್ತಿದ್ದೆ.

ಎಳೆಯರಿಗೆ ಇಲ್ಲಿ ಒಂದು ಮಾತು. ನಮ್ಮ ಕಸುಬಿನಲ್ಲಿ ಹೆಚ್ಚು ಬೆಲೆ ಕೊಟ್ಟು ಮೋಸ ಹೋದವನಿಗೆ ಗೊತ್ತಾಗುತ್ತದೆ, ಎಚ್ಚರವಾಗುತ್ತಾನೆ. ಕಡಿಮೆಗೆ ಸಿಕ್ಕಿತೆಂದು ಮೋಸ ಹೋದವನಿಗೆ ಗೊತ್ತಾಗುವುದು ತುಂಬ ತಡವಾಗಿ.

ಗುಡ್ಡವನ್ನು ಕೊಂಡವರು ಔಸೇಪ್ ಚೇಟ್ಟನ್; ಚೇಟ್ಟನ್ ಎಂದರೆ ಅಣ್ಣ. ತಿರುವಾಂಕೂರಿನಿಂದ ಬಂದು ಕಾಡು ಕಡಿದು, ಮಲೇರಿಯಾಕ್ಕೆ ಒಂದು ಮಗುವನ್ನು ಕೊಟ್ಟು ಬೇರೂರಿದ ಕ್ರೈಸ್ತ ಕೃಷಿಕ. ಆ ವ್ಯಾಪಾರ ಮಾಡಿಸಿದ್ದೂ ನಾನೇ. ಅತಿರು ನಡೆಯುವಾಗ ಹೊನ್ನೆಮರದ ಹತ್ತಿರ ಗೌಡರು ತಾವಾಗಿಯೇ ನಿಂತು, “ಈ ಮೂಲೆ ಇವರಿಗೆ ಬಿಟ್ಟಿದ್ದು” ಎಂದರು. ಔಸೇಪ್ ಚೇಟ್ಟನ್ ಟೋಪಿ ತೆಗೆದು ಶಿಲುಬೆಯ ಗುರುತು ಮಾಡಿಕೊಂಡು, “ಶರಿ, ಸತ್ತವರ ಜೊತೆ ನನಗೇನು ಜಗಳ” ಎಂದರು. ಇಬ್ಬರೂ ಸುಳ್ಳು ಹೇಳುವವರಲ್ಲ. ಕಾಗದದಲ್ಲಿ ಮಾತ್ರ ಇಡೀ ಗುಡ್ಡ ಒಂದೇ ತುಂಡಾಗಿ ಬರೆದುಹೋಯಿತು. ಒಂದು ಮೂಲೆಗಾಗಿ ಬೇರೆ ಕಾಗದ ಯಾರು ಮಾಡಿಸುತ್ತಾರೆ?

ಕೆಲವು ವರ್ಷ ಚೆನ್ನಾಗಿಯೇ ನಡೆಯಿತು. ಬೊಮ್ಮ ಅಲ್ಲಿ ಮಲಗಿದ. ನಮ್ಮವರು ಕೆಲವರು ಮಲಗಿದರು. ಮಾವ ಮಾತ್ರ ಪ್ರತಿ ಭಾನುವಾರ ಜಪ ಮುಗಿದ ಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು, “ಕಾಗದ?” ಎನ್ನುತ್ತಿದ್ದರು. “ಆಗುತ್ತೆ ಮಾವ, ಔಸೇಪ್ ಒಳ್ಳೇ ಮನುಷ್ಯ” ಎನ್ನುತ್ತಿದ್ದೆ. ಗೌಡರು ಪೇಟೆಯಲ್ಲಿ ತೀರಿಕೊಂಡರು.

ಆಮೇಲೆ ಭೂಮಿಯ ಹೋರಾಟ ನಮ್ಮ ಗುಡ್ಡದ ಆಚೆ ಮಗ್ಗುಲಿಗೆ ಬಂತು. ಭೂಮಿಯಿಲ್ಲದವರು ಒಂದು ಬೆಳಗ್ಗೆ ಖಾಲಿ ಜಾಗದಲ್ಲಿ ಗುಡಿಸಲು ಹಾಕಿ ಕೆಂಪು ಬಾವುಟ ನೆಟ್ಟರು. ನಮ್ಮ ಅಜ್ಜ ಮಲಗಿರುವ ನೆಲ ನಮ್ಮದು ಎಂಬುದು ಅವರ ವಾದ. ಸರಿಯಾದ ವಾದವೇ. ಅದನ್ನು ಕೇಳಿ ಔಸೇಪ್ ಚೇಟ್ಟನ್‌ರ ಮುಖ ಬಿಳಿಚಿಕೊಂಡಿತು. ಮರುವಾರವೇ ಹೊನ್ನೆಮರದ ಸುತ್ತ ಮುಳ್ಳುತಂತಿ ಬಂತು, ಗೋರಿಗಳ ನಡುವೆ ಕಾಫಿಗೆ ಗುಂಡಿ ಬಿದ್ದವು.

ಅದೇ ಮಳೆಗಾಲದ ಕೊನೆಗೆ ಮಾವನ ಹೆಂಡತಿ ರೋಸಮ್ಮ ಜ್ವರದಲ್ಲಿ ತೀರಿಕೊಂಡಳು. ಪಾಡಿಯ ಎಷ್ಟೋ ಮಕ್ಕಳನ್ನು ಎತ್ತಿ ಆಡಿಸಿದವಳು, ನನ್ನ ಹೆಂಡತಿಯ ಎರಡು ಹೆರಿಗೆಗೆ ಬಂದು ಕೂತವಳು. ಹೊನ್ನೆಮರದ ಕೆಳಗೆ, ಜಾಜಿ ಬಳ್ಳಿಯ ಪಕ್ಕ ತನ್ನ ಜಾಗ ಎಂದು ಅವಳು ಮೊದಲೇ ಹೇಳಿಟ್ಟಿದ್ದಳು. ನಾವು ಹೊತ್ತುಕೊಂಡು ಗುಡ್ಡ ಹತ್ತಿದೆವು. ಮಳೆ ಬಿಟ್ಟು ಬಿಸಿಲು ಬಂದಿತ್ತು. ಕಾಳಿ ಮತ್ತು ಹಾಡಿಯವರು ಆಗಲೇ ಬಂದು ತಂತಿಯ ಹೊರಗೆ ಗುದ್ದಲಿ ಹಿಡಿದು ನಿಂತಿದ್ದರು. ಒಳಗೆ ಔಸೇಪ್ ಚೇಟ್ಟನ್. ಅವರ ಕಣ್ಣಲ್ಲಿ ನೀರು.

“ಉಪದೇಶೀ, ಬೇಡ ಅಂತ ಅಲ್ಲ. ನಮ್ಮ ಚೇಚಿ, ಅಕ್ಕನೇ ಅವಳು, ನನಗೆ ಗೊತ್ತಿಲ್ವಾ? ಆದ್ರೆ ಇವತ್ತು ಇಲ್ಲಿ ಒಂದು ಗುಂಡಿ ತೋಡಿದ್ರೆ ನಾಳೆ ಇಲ್ಲಿ ಬಾವುಟ ನೆಡ್ತಾರೆ. ನನಗೆ ಇರೋದು ಇದೊಂದೇ ಗುಡ್ಡ.”

ನಾನು ಮುಂದೆ ಬಂದೆ. ಬಂದವನ ಬಾಯಲ್ಲಿ ಹಳೆಯ ವ್ಯಾಪಾರದ ಸ್ವರವೇ ಬಂತು. “ಚೇಟ್ಟಾ, ಗೌಡರು ನಿಮ್ಮೆದುರು ಕೊಟ್ಟ ಮಾತು. ನೀವು ಟೋಪಿ ತೆಗೆದು ಒಪ್ಪಿದ್ದು.”

“ಒಪ್ಪಿದ್ದೆ. ಕಾಗದ ಇದೆಯಾ?” ಎಂದರು. ಕೋಪ ಇರಲಿಲ್ಲ, ನಿಜವಾಗಿಯೂ ಇದ್ದರೆ ಒಳ್ಳೆಯದಿತ್ತು ಎನ್ನುವ ಹಾಗೆ ಕೇಳಿದರು. “ಇದ್ರೆ ತೋರಿಸು ಇನ್ನಾಸಿ, ಪೊಲೀಸರಿಗೂ ಬಾವುಟದೋರಿಗೂ ನಾನು ಅದನ್ನೇ ತೋರಿಸ್ತೀನಿ. ಮೂಲೆ ಬೇರೆ, ಗುಡ್ಡ ಬೇರೆ ಅಂತ. ಕಾಗದ ಇಲ್ಲದ ಮಾತು ನಂಬಬೇಡ ಅಂತ ನನಗೆ ಹೇಳಿಕೊಟ್ಟೋನು ನೀನೇ ಅಲ್ವಾ?”

ಕಾಳಿ ಗುದ್ದಲಿಯನ್ನು ನೆಲಕ್ಕೆ ಒತ್ತಿ ನನ್ನನ್ನೇ ನೋಡುತ್ತಿದ್ದಳು. ಮಾವನ ಕಡೆ ನೋಡಲು ನನಗೆ ಧೈರ್ಯ ಬರಲಿಲ್ಲ. ಅವರು ರೋಸಮ್ಮನ ಮುಖದ ಮೇಲೆ ಕೂತ ನೊಣವನ್ನು ಶಲ್ಯದಿಂದ ಓಡಿಸಿದರು.

“ನಡೀ ಇನ್ನಾಸಿ. ಬಿಸಿಲು ಏರ್ತಿದೆ” ಎಂದರು. ಅಷ್ಟೇ. ‘ಹೇಳಿದ್ದೆ’ ಎಂಬ ಒಂದು ಮಾತು ಬರಲಿಲ್ಲ. ಆಗಲೂ ಇಲ್ಲ, ಆಮೇಲೆ ಎಂದೂ ಇಲ್ಲ. ಬಂದಿದ್ದರೆ ನಾನು ವಾದ ಹೂಡಿ ಹಗುರಾಗುತ್ತಿದ್ದೆ.

ಜೀಪು ಹಿಡಿದು ಪೇಟೆಗೆ ಒಯ್ದೆವು. ಸಾಮಾನ್ಯ ಸಾಲಿನಲ್ಲಿ ಹೂಳಿದೆವು. ಮುಂದೆ ಯಾವಾಗಲೋ ಕಪ್ಯಾರ್, ಅಂದರೆ ಚರ್ಚಿನ ಚಾಕರಿಯವನು, ಎಲುಬು ತೆಗೆಯುವ ದಿನ ಹೇಳಿಕಳಿಸಿದ. ಮಾವ ಸ್ನಾನ ಮಾಡಿ, ಮದುವೆಗೆ ಹೋಗುವವರಂತೆ ಬಿಳಿ ಅಂಗಿ ಹಾಕಿಕೊಂಡು ಹೋಗಿ ಅಸ್ಥಿಕುಳಿಯ ಬಾಯಲ್ಲಿ ನಿಂತು ಹಾಡಿದರು. ಗಂಟಲು ಆಗಲೇ ಬಿದ್ದುಹೋಗಿತ್ತು. ತಿರುಗಿ ಬರುವಾಗ ನಾನು ತಡೆಯಲಾರದೆ, ನನ್ನ ಕುಟುಂಬಕ್ಕೆಂದು ಅಲ್ಲಿ ಗೋರಿ ಕೊಂಡಿದ್ದೇನೆ, ನಿಮ್ಮನ್ನು ಅದರಲ್ಲಿ ಮಲಗಿಸುತ್ತೇನೆ ಎಂದೆ.

“ಮೂಡಣ ಮುಖದ್ದಾ? ಕಾರ್ನರ್ ಸೈಟಾ?” ಎಂದು ಕೇಳಿದರು, ಬಹಳ ದಿನಗಳ ಮೇಲೆ ನಗುತ್ತಾ. “ಬೇಡಪ್ಪ. ನಂಗೆ ರೋಸಿ ಇರೋ ಕಡೆನೇ ಸಾಕು. ಕಡೇ ದಿನ ಎಬ್ಬಿಸೋನಿಗೆ ಯಾರ ಎಲುಬು ಯಾರದು ಅಂತ ಗೊತ್ತು. ನಂಗೆ ಆ ಚಿಂತೆ ಯಾವತ್ತೂ ಇರಲಿಲ್ಲ ಇನ್ನಾಸಿ. ಆ ಮೂಲೆ ನಮಗಲ್ಲ ಬೇಕಾಗಿದ್ದು. ಕಾಳಿಗೆ ಬೇಕಾಗಿತ್ತು. ಉಳಿಯೋರಿಗೆ.”

ಕೆಲವೇ ವರ್ಷಗಳಲ್ಲಿ ಅವರೂ ಅದೇ ಸಾಲಿಗೆ, ಆಮೇಲೆ ಅದೇ ಕುಳಿಗೆ ಸೇರಿದರು. ಪರಲೋಕದ ಚಿಂತೆ ಇರುವವರಿಗೆ ಇಲ್ಲಿಯ ಕಾಗದಪತ್ರದ ಗೊಡವೆ ಬೇಡ, ಅದನ್ನು ನೋಡಿಕೊಳ್ಳಲು ನನ್ನಂಥ ಲೌಕಿಕ ಸಾಕು ಎಂದು ತಿಳಿದಿದ್ದೆ. ಅಲ್ಲಿಗೆ ಹೋಗುತ್ತೇನೆಂಬ ಖಾತ್ರಿ ಇದ್ದದ್ದರಿಂದಲೇ ಆ ಮನುಷ್ಯ ಇಲ್ಲಿ ಒಂದು ಮೊಳೆಯನ್ನೂ ಸಡಿಲ ಬಿಡಲಿಲ್ಲ. ಇದು ನನಗೆ ಹೊಳೆದದ್ದು ಅವರು ಹೋದ ಮೇಲೆ. ಹೇಳಿಕೊಳ್ಳಲು ಯಾರ ಹತ್ತಿರ ಹೋಗಲಿ?

ಹಾಡಿಯವರ ಕಥೆ ಅದಕ್ಕಿಂತ ಕಷ್ಟದ್ದು. ಅವರಿಗೆ ಪೇಟೆಯ ಸಾಲೂ ಇಲ್ಲ. ಸತ್ತವರನ್ನು ಗುಡಿಸಲ ಹಿಂದೆ, ಅಂಗಳದ ಅಂಚಿನಲ್ಲಿ, ಕೊನೆಗೆ ಜಾಗ ಸಾಲದೆ ಅಡುಗೆಯ ಗೋಡೆಯ ಬುಡದಲ್ಲಿ ಮಲಗಿಸತೊಡಗಿದರು. ಕಾಳಿ ಸಂತೆಯಲ್ಲಿ ಸಿಕ್ಕಾಗಲೆಲ್ಲ ಜನರ ನಡುವೆಯೇ ಕೂಗುತ್ತಿದ್ದಳು: “ಇನ್ನಾಸಣ್ಣೋ! ಊರೋರಿಗೆಲ್ಲ ಜಾಗ ಕೊಡಿಸ್ದೆ. ನನ್ ಬೊಮ್ಮನ ಪಕ್ಕ ನಂಗೊಂದು ಮಗ್ಗುಲು ಕೊಡ್ಸು, ನೋಡಾನ!” ಸಂತೆಯವರು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಕಸುಬು ಬಿಟ್ಟ ಮೇಲೆ ನಾನು ಔಸೇಪ್ ಚೇಟ್ಟನ್‌ರ ಮಗ ಬೇಬಿಯ ಮನೆಗೆ ಹೋಗತೊಡಗಿದೆ. ತಂದೆ ತೀರಿಕೊಂಡಿದ್ದರು. ಭಯದ ಕಾಲ ಹೋಗಿತ್ತು, ಕಾಫಿಗಿಡ ಆಳೆತ್ತರ ಬಂದಿತ್ತು.

“ಆ ಮೂಲೆಯ ಬೆಲೆ ಹೇಳು ಬೇಬಿ.”

“ಅಯ್ಯೋ ಚೇಟ್ಟಾ, ಅದಕ್ಕೆಂಥ ಬೆಲೆ! ನಿಮ್ಮದೇ ಅಂದ್ಕೊಳ್ಳಿ. ಯಾರಾದ್ರೂ ಸತ್ರೆ ಬಂದು ಹೇಳಿ, ನಾನು ತಂತಿ ಬಿಚ್ಚಿಸ್ತೀನಿ.”

ಗೌಡರ ಜಗಲಿಯಲ್ಲಿ ಕೇಳಿದ ಮಾತೇ. ಆ ದಿನ ನನಗೆ ಅದು ಕೊಡುಗೆ ಎಂದು ಕೇಳಿಸಿತ್ತು. ಈ ದಿನ ತಂತಿಯಂತೆ ಕೇಳಿಸಿತು. “ಬೇಡಪ್ಪ. ಬೆಲೆ ಹೇಳು” ಎಂದೆ. ಅವನು ಚಹಾ ತರಿಸಿದ. ಮುಂದಿನ ಸಲವೂ ಅದೇ ಮಾತು, ಅದೇ ಚಹಾ. ವರ್ಷಗಟ್ಟಲೆ ಹೋದೆ. ಬೆಲೆ ಹೇಳಲು ಮನಸ್ಸಿಲ್ಲದವನಿಗೆ ಮಾರಲು ಮನಸ್ಸಿಲ್ಲ. ಎಷ್ಟು ಪ್ರೀತಿಯಿಂದ ಕೂರಿಸಿದರೂ ಅಷ್ಟೇ.

ಕೊನೆಗೆ ಅವನ ಮಗಳ ಮದುವೆ ಗೊತ್ತಾಯಿತು. ನಾಚಿಕೊಂಡು, ಕಾಫಿಯ ಬೆಳೆಯನ್ನೂ ಸೇರಿಸಿ, ಇಳಿಸಲು ಸಾಕಷ್ಟು ಜಾಗ ಬಿಟ್ಟು ಒಂದು ಬೆಲೆ ಹೇಳಿದ.

“ಶರಿ” ಎಂದೆ.

ಬೇಬಿ ಗಾಬರಿಯಾದ. “ಶರಿ ಅಂದ್ರೆ?”

“ಶರಿ ಅಂದ್ರೆ ಶರಿ.”

“ಚೇಟ್ಟಾ, ಅಲ್ಲಿ ರೋಡ್ ಏನಾದ್ರೂ ಬರ್ತಿದೆಯಾ? ನಿಜ ಹೇಳಿ.”

ಇನ್ನಾಸಿ ಬೆಲೆ ಇಳಿಸದೆ ಕೊಂಡ ಎಂಬ ಸುದ್ದಿ ಪನಮರಂ ಸಂತೆಯಲ್ಲಿ ಹಬ್ಬಿ, ಮರದ ಕೆಳಗೆ ನಿಧಿ ಇದೆಯೆಂದು ಸಹ ಮಾತಾಡಿದರು. ಕಾಗದವನ್ನು ಹಾಡಿಯವರ ಹೆಸರಿಗೆ ಮಾಡಿಸಿದೆ. ನನ್ನ ಹೆಸರಿಗೆ ಒಂದು ಗೇಣೂ ಇಟ್ಟುಕೊಳ್ಳಲಿಲ್ಲ. ಮಾವ ಹೇಳಿದ ಹಾಗೆ ಉಳಿಯುವವರಿಗೆ.

ಆದರೆ ಕಾಳಿ ಉಳಿದಿರಲಿಲ್ಲ. ಬೇಬಿ ಬೆಲೆ ಹೇಳುವ ಮೊದಲಿನ ಮಳೆಗಾಲದಲ್ಲಿ ಹೋಗಿಬಿಟ್ಟಿದ್ದಳು. ಕಾಗದ ಹಿಡಿದು ಹಾಡಿಗೆ ಹೋದಾಗ ಅವಳ ಮಗಳು ಮಾರಿ ಅಡುಗೆಯ ಗೋಡೆಯ ಹೊರಬದಿಗೆ ಸೆಗಣಿ ಸಾರಿಸುತ್ತಿದ್ದಳು. ಗೋಡೆಯ ಬುಡದಲ್ಲಿ ಮಣ್ಣು ಸ್ವಲ್ಪ ಉಬ್ಬಿತ್ತು. ಅದರ ಮೇಲೆ ಒಂದು ಅರ್ಧ ಹೆಣೆದ ಬುಟ್ಟಿ.

“ಮಾರಿ, ಮೂಲೆ ನಿಮ್ಮದಾಯ್ತು. ಅವ್ವನ್ನ ಬೊಮ್ಮನ ಪಕ್ಕಕ್ಕೆ...” ಎಂದು ಶುರು ಮಾಡಿದೆ.

“ಈಗ ಏಳಿಸೋದಾ ಅಜ್ಜ? ಬ್ಯಾಡ. ಬೆಚ್ಚಗೆ ಒಲೆ ಪಕ್ಕ ಮಲಗವ್ಳೆ, ಬುಡು” ಎಂದಳು. ಕೈ ತೊಳೆದುಕೊಂಡು ಕಾಗದ ಈಸಿಕೊಂಡಳು, ಮಡಚಿ ಸೂರಿಗೆ ಸಿಕ್ಕಿಸಿದಳು. ನಾನು ಅಲ್ಲೇ ಕಲ್ಲಿನ ಮೇಲೆ ಕೂತೆ.

ಕೂತಲ್ಲಿಂದಲೇ ಕೇಳಿದೆ, “ಮಾರಿ, ಅಲ್ಲಿ ನಂಗೊಂದು ಮಗ್ಗುಲು ಕೊಡ್ತೀಯಾ?” ಪೇಟೆಯ ಗೋರಿ ಮಕ್ಕಳಿಗಿರಲಿ. ಅಚ್ಚನ್‌ರನ್ನು ಮೊದಲೇ ಕೇಳಿದ್ದೆ. ಮಣ್ಣನ್ನು ಆಶೀರ್ವದಿಸಿದರೆ ಆಯಿತು, ಎಲ್ಲ ನೆಲವೂ ದೇವರದೇ ಎಂದಿದ್ದರು.

ಮಾರಿ ಸೊಂಟಕ್ಕೆ ಕೈಯಿಟ್ಟು ನನ್ನನ್ನು ಮೇಲಿಂದ ಕೆಳಗೆ ಅಳೆದಳು. ತಾಯಿಯದೇ ಕಣ್ಣು.

“ಬೆಲೆ ಏನ್ ಕೊಟ್ಟೀಯ?”

“ನೀನು ಹೇಳು. ನಾನು ಇಳಿಸಲ್ಲ.”

ಅವಳು ಜೋರಾಗಿ ನಕ್ಕಳು. ಒಳಗಿದ್ದ ಹೆಂಗಸರೂ ನಕ್ಕರು. “ಬಾ ಅಜ್ಜ, ಬಿಟ್ಟಿನೇ ಬಾ. ಸತ್ತೋನ್ನ ತಳ್ಳಾಕಾಯ್ತದಾ?” ಎಂದು ಹೇಳಿ ಮತ್ತೆ ಗೋಡೆ ಸಾರಿಸತೊಡಗಿದಳು.

ಬರೆದುಕೊಡು ಎಂದು ನಾನು ಕೇಳಲಿಲ್ಲ.